ಅಂಚು ಕತ್ತರಿಸಿದ ವ್ಯಾಗ್ನರ್ ಕಾರ್ಡ್: ಒಂದು ಪ್ರಕರಣ ಅಧ್ಯಯನ

2013ರ ಅಕ್ಟೋಬರ್‌ನಲ್ಲಿ ಶಿಕಾಗೋದ ಫೆಡರಲ್ ನ್ಯಾಯಾಲಯದ ಮುಂದೆ ಬಿಲ್ ಮ್ಯಾಸ್ಟ್ರೋ ತಪ್ಪೊಪ್ಪಿಕೊಂಡರು. ಕ್ರೀಡಾ ಸ್ಮರಣಿಕೆಗಳ ಹರಾಜಿನಲ್ಲಿ ಅಮೆರಿಕದಲ್ಲೇ ಅವರಷ್ಟು ಹೆಸರಿದ್ದವರು ಆಗ ಕಡಿಮೆ. ಮೊಕದ್ದಮೆ ಇದ್ದದ್ದು ಮುಖ್ಯವಾಗಿ ಹರಾಜಿನಲ್ಲಿ ಸುಳ್ಳು ಸವಾಲು ಕೂಗಿಸಿದ್ದರ ಬಗ್ಗೆ. ಆದರೆ ಹಳೆಯ ಬೇಸ್‌ಬಾಲ್ ಕಾರ್ಡ್ ಕೂಡಿಡುವವರೆಲ್ಲ ಕಿವಿಗೊಟ್ಟು ಕಾದಿದ್ದು ಬೇರೊಂದು ಮಾತಿಗೆ. ಆ ಮಾತೂ ಅವತ್ತೇ ಬಂತು: ಹೋನಸ್ ವ್ಯಾಗ್ನರ್ ಕಾರ್ಡಿನ ಪಕ್ಕದ ಅಂಚುಗಳನ್ನು ಕತ್ತರಿಸಿದ್ದು ನಾನೇ, ಅದನ್ನು ಮುಚ್ಚಿಟ್ಟು ಕಾರ್ಡಿನ ಪ್ರಚಾರ ಮಾಡಿದೆ.

ಆ ಕಾರ್ಡ್ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಸುಮಾರು 36 ಮಿಲಿಮೀಟರ್ ಅಗಲ, 67 ಮಿಲಿಮೀಟರ್ ಉದ್ದ. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಮಾರಾಟವಾಗಿತ್ತು. ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಕಾರಣ ಅದರ ಮೂಲೆಗಳು ಚೂಪಾಗಿದ್ದದ್ದು, ಅಂಚುಗಳು ನೇರವಾಗಿದ್ದದ್ದು. ಆ ಚೂಪು, ಆ ನೇರ, ಎರಡೂ ಕತ್ತರಿಯಿಂದ ಬಂದಿದ್ದವು.

ನಾನು ಮೊದಲು ನಾಣ್ಯ ಕೂಡಿಡುತ್ತಿದ್ದವನು. ನ್ಯೂಜೆರ್ಸಿಗೆ ಬಂದಮೇಲೆ ಈ ಕಾರ್ಡುಗಳ ಹುಚ್ಚು ಹತ್ತಿತು. ಊರಿನಲ್ಲಿ ಯಾರಾದರೂ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ತಾಮ್ರದ ಕಾಸನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ ತಂದು ತೋರಿಸಿದರೆ ನನ್ನ ಹೊಟ್ಟೆ ಚುರುಕ್ ಅನ್ನುತ್ತಿತ್ತು. ನೂರೈವತ್ತು ವರ್ಷ ಕೂತು ಕಟ್ಟಿಕೊಂಡ ಬಣ್ಣ ಐದು ನಿಮಿಷದಲ್ಲಿ ಹೋಗಿರುತ್ತದೆ, ಮತ್ತೆ ಬರುವುದಿಲ್ಲ. ಹಾಗೆ ತಿಕ್ಕುವವರು ಪಾಪ, ಪ್ರೀತಿಯಿಂದ ತಿಕ್ಕಿರುತ್ತಾರೆ, ತಿಳಿಯದೆ ತಿಕ್ಕಿರುತ್ತಾರೆ. ವ್ಯಾಗ್ನರ್ ಕಾರ್ಡಿಗೆ ಕತ್ತರಿ ಹಾಕಿದವರಿಗೆ ಎಲ್ಲವೂ ತಿಳಿದಿತ್ತು. ಈ ಪ್ರಕರಣವನ್ನು ಬಿಡಿಸಿ ಬರೆಯಬೇಕು ಅನಿಸಿದ್ದು ಆ ವ್ಯತ್ಯಾಸಕ್ಕಾಗಿ.

ಬೇಡವೆಂದ ಆಟಗಾರ

ಕಾರ್ಡ್ ಬಂದಿದ್ದು ಸಿಗರೇಟಿನ ಜೊತೆ. ಜೇಮ್ಸ್ ಬ್ಯುಕ್ಯಾನನ್ ಡ್ಯೂಕ್ ಕಟ್ಟಿದ ಅಮೆರಿಕನ್ ಟೊಬ್ಯಾಕೋ ಕಂಪನಿ ಆ ದೇಶದ ಸಿಗರೇಟು ವ್ಯಾಪಾರವನ್ನು ಬಹುಪಾಲು ತನ್ನ ಹಿಡಿತದಲ್ಲಿ ಇಟ್ಟುಕೊಂಡಿತ್ತು. ಮೆತ್ತನೆಯ ಪ್ಯಾಕು ಮುದ್ದೆಯಾಗದಂತೆ ಒಳಗೆ ಒಂದು ಗಟ್ಟಿ ರಟ್ಟು ಇಡುವ ರೂಢಿ ಹಿಂದಿನಿಂದಲೂ ಇತ್ತು. ಅದರ ಮೇಲೆ ಚಿತ್ರ ಅಚ್ಚು ಹಾಕಿದರೆ ಗಿರಾಕಿ ಮತ್ತೆ ಮತ್ತೆ ಬರುತ್ತಾನೆ. 1909ರಿಂದ 1911ರವರೆಗೆ ಆ ಕಂಪನಿ ಸ್ವೀಟ್ ಕ್ಯಾಪೊರಲ್, ಪೀಡ್ಮಾಂಟ್, ಪೋಲಾರ್ ಬೇರ್ ಮೊದಲಾದ ತನ್ನ ಬ್ರ್ಯಾಂಡುಗಳಲ್ಲಿ ಬೇಸ್‌ಬಾಲ್ ಆಟಗಾರರ ಕಾರ್ಡುಗಳನ್ನು ಹಾಕಿತು. ಮುಂದೆ ಬಣ್ಣದ ಲಿಥೋ ಚಿತ್ರ, ಸುತ್ತ ಬಿಳಿ ಅಂಚು, ಹಿಂದೆ ತಂಬಾಕು ಬ್ರ್ಯಾಂಡಿನ ಜಾಹೀರಾತು. ಒಟ್ಟು 520ಕ್ಕೂ ಹೆಚ್ಚು ಬೇರೆ ಬೇರೆ ಕಾರ್ಡುಗಳು. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಂಪನಿಯ ಏಕಸ್ವಾಮ್ಯವನ್ನು ಒಡೆಯಲು ಆದೇಶಿಸಿತು. ಕಾರ್ಡುಗಳೂ ಅದೇ ವರ್ಷಕ್ಕೆ ನಿಂತವು.

ಈ ಸರಣಿಗೆ ‘ಟಿ206’ ಎಂಬ ಹೆಸರು ಕಂಪನಿ ಕೊಟ್ಟಿದ್ದಲ್ಲ. ಅದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಜೆಫರ್ಸನ್ ಬರ್ಡಿಕ್ ಇಟ್ಟ ಸಂಖ್ಯೆ. ಬರ್ಡಿಕ್ ಅವರನ್ನು ಇಲ್ಲಿ ಎರಡು ಮಾತಿನಲ್ಲಾದರೂ ನೆನೆಯದೆ ಮುಂದೆ ಹೋಗಲಾರೆ. ವಿದ್ಯುತ್ ಸಾಮಾನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ಬೆರಳು ಬಗ್ಗಿಸಲಾಗದ ಸಂಧಿವಾತ, ಒಂಟಿ ಜೀವ. ಅಂಥವರು ಅಮೆರಿಕದ ಅಚ್ಚಿನ ಚೀಟಿ, ಕಾರ್ಡು, ಲೇಬಲ್‌ಗಳನ್ನೆಲ್ಲ ವಿಂಗಡಿಸಿ ಒಂದು ಪಟ್ಟಿ ಮಾಡಿದರು. ‘ಟಿ’ ಅಂದರೆ ಇಪ್ಪತ್ತನೇ ಶತಮಾನದ ತಂಬಾಕು ಕಾರ್ಡ್. ತಮ್ಮ ಮೂರು ಲಕ್ಷಕ್ಕೂ ಹೆಚ್ಚು ಚೀಟಿಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟು, ವರ್ಷಗಟ್ಟಲೆ ಅಲ್ಲೇ ಕೂತು, ಒಂದೊಂದನ್ನೇ ಆಲ್ಬಮ್ಮಿಗೆ ಹಾಕಿದರು. 1963ರ ಜನವರಿಯಲ್ಲಿ ಕೆಲಸ ಮುಗಿಸಿದರು, ಮಾರ್ಚಿನಲ್ಲಿ ತೀರಿಕೊಂಡರು. ಅವರು ಕೊಟ್ಟಿದ್ದರಲ್ಲಿ ಒಂದು ವ್ಯಾಗ್ನರ್ ಕಾರ್ಡೂ ಇದೆ. ಅದಕ್ಕೆ ಗುಣಮಟ್ಟದ ಅಂಕ ಇಲ್ಲ, ಹರಾಜೂ ಇಲ್ಲ.

ಹೋನಸ್ ವ್ಯಾಗ್ನರ್ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಂತು ಆಡುವ ಫೀಲ್ಡರ್. ಹತ್ತಿರದ ಗಣಿ ಊರಿನ ಜರ್ಮನ್ ಮೂಲದ ಮನೆತನ. ನ್ಯಾಷನಲ್ ಲೀಗಿನಲ್ಲಿ 8 ಸಲ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗರಾದರು. 1909ರಲ್ಲಿ ಅವರ ತಂಡ ಡೆಟ್ರಾಯಿಟನ್ನು ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. 1936ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಮೊದಲ ಬಾರಿಗೆ ಆರಿಸಿದ ಐವರಲ್ಲಿ ಟೈ ಕಾಬ್, ಬೇಬ್ ರೂಥ್ ಜೊತೆ ಇವರೂ ಇದ್ದರು.

ಸಿಗರೇಟು ಕಂಪನಿ ವ್ಯಾಗ್ನರ್ ಅವರ ಒಪ್ಪಿಗೆ ತರಲು ಪಿಟ್ಸ್‌ಬರ್ಗಿನ ಕ್ರೀಡಾ ಬರಹಗಾರ ಜಾನ್ ಗ್ರೂಬರ್ ಅವರಿಗೆ ಹೇಳಿತು; ತಂದರೆ 10 ಡಾಲರ್. ವ್ಯಾಗ್ನರ್ ಬೇಡವೆಂದು ಬರೆದರು. ನನ್ನಿಂದ ನಿಮಗೆ ನಷ್ಟವಾಗಬಾರದು ಎಂದು ಆ 10 ಡಾಲರಿನ ಚೆಕ್ಕನ್ನೂ ಪತ್ರದ ಜೊತೆ ಇಟ್ಟು ಕಳಿಸಿದರು. 1912ರಲ್ಲಿ ‘ದಿ ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆ ಈ ಸಂಗತಿ ಅಚ್ಚು ಹಾಕಿತು. ಮಕ್ಕಳು ಕಾರ್ಡಿನ ಆಸೆಗೆ ಸಿಗರೇಟು ಕೊಳ್ಳಬಾರದೆಂದು ಹೀಗೆ ಮಾಡಿದರು ಅನ್ನುವುದು ಹೆಚ್ಚು ಜನ ನಂಬಿದ ಮಾತು. ದುಡ್ಡು ಸಾಲಲಿಲ್ಲ ಅನ್ನುವವರೂ ಇದ್ದಾರೆ. ವ್ಯಾಗ್ನರ್ ಅವರೇ ತಂಬಾಕು ಅಗಿಯುತ್ತಿದ್ದರು, ಅದಕ್ಕೂ ಮುಂಚೆ ಸಿಗಾರಿನ ಮೇಲೆ ಅವರ ಚಿತ್ರ ಬಂದಿತ್ತು ಎಂದು ತೋರಿಸುತ್ತಾರೆ. ಆದರೆ ದುಡ್ಡು ಸಾಲದವನು ಬೇರೆಯವನ ನಷ್ಟ ತುಂಬಿಕೊಡಲು ಚೆಕ್ ಬರೆಯುತ್ತಾನೆಯೇ? ನನ್ನ ಮನಸ್ಸು ಮೊದಲಿನ ಮಾತಿನ ಕಡೆಗೇ ವಾಲುತ್ತದೆ. ಒಪ್ಪಿಗೆಯಿಲ್ಲದೆ ಒಬ್ಬರ ಚಿತ್ರವನ್ನು ವ್ಯಾಪಾರಕ್ಕೆ ಬಳಸಬಾರದೆಂಬ ಕಾನೂನು ನ್ಯೂಯಾರ್ಕಿನಲ್ಲಿ 1903ರಲ್ಲೇ ಬಂದಿತ್ತು. ಅಚ್ಚಾದ ಅಷ್ಟಿಷ್ಟು ಕಾರ್ಡುಗಳು ಹೊರಗೆ ಹೋದವು, ಅಲ್ಲಿಗೆ ನಿಂತಿತು. ಇವತ್ತು ಗೊತ್ತಿರುವ ಟಿ206 ವ್ಯಾಗ್ನರ್‌ಗಳು ಐವತ್ತರಿಂದ ಅರವತ್ತರೊಳಗೆ.

ಕಿತ್ತಳೆ ಬಣ್ಣದ ಹಿನ್ನೆಲೆ, ನಡುಬೈತಲೆ, ಅಂಗಿಯ ಮೇಲೆ ‘ಪಿಟ್ಸ್‌ಬರ್ಗ್’ ಎಂಬ ಅಕ್ಷರ. ಅದರ ಕೊನೆಯಲ್ಲಿ ಈಗ ಬರೆಯುವ ‘ಎಚ್’ ಇಲ್ಲ. ಸರ್ಕಾರ 1891ರಿಂದ 1911ರವರೆಗೆ ಆ ಅಕ್ಷರವನ್ನು ಊರಿನ ಹೆಸರಿನಿಂದ ತೆಗೆದಿತ್ತು. ಕಾರ್ಡ್ ಯಾವ ಕಾಲದ್ದು ಅನ್ನುವುದಕ್ಕೆ ಇಂಥ ಗುರುತುಗಳೇ ಸಾಕ್ಷಿ. ಮೂಲೆಯ ಸವೆತ, ಅಂಚಿನ ಕಂದು ಕೂಡ ಅಂಥವೇ ಸಾಕ್ಷಿಗಳು.

ಕೈಯಿಂದ ಕೈಗೆ

1985ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ, ಹಿಕ್ಸ್‌ವಿಲ್ ಎಂಬಲ್ಲಿನ ಕಾರ್ಡ್ ಅಂಗಡಿಯೊಂದರಲ್ಲಿ ಮ್ಯಾಸ್ಟ್ರೋ ಈ ಕಾರ್ಡನ್ನು 25 ಸಾವಿರ ಡಾಲರಿಗೆ ಕೊಂಡರು. ಬಹುಪಾಲು ವ್ಯಾಗ್ನರ್‌ಗಳ ಬೆನ್ನಿಗೆ ಸ್ವೀಟ್ ಕ್ಯಾಪೊರಲ್ ಜಾಹೀರಾತು ಇರುತ್ತದೆ. ಇದರ ಬೆನ್ನಿಗೆ ಇದ್ದದ್ದು ಪೀಡ್ಮಾಂಟ್, ಅದು ಬೆರಳೆಣಿಕೆಯಷ್ಟಿದೆ. 1987ರಲ್ಲಿ ಅವರು ಅದನ್ನು ಕ್ಯಾಲಿಫೋರ್ನಿಯಾದ ಕ್ರೀಡಾ ಸಾಮಾನಿನ ವ್ಯಾಪಾರಿ ಜಿಮ್ ಕೋಪ್‌ಲ್ಯಾಂಡ್ ಅವರಿಗೆ 1 ಲಕ್ಷ 10 ಸಾವಿರ ಡಾಲರಿಗೆ ಮಾರಿದರು. ಎರಡೇ ವರ್ಷದಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು. ಕೊಂಡ ದಿನಕ್ಕೂ ಮಾರಿದ ದಿನಕ್ಕೂ ನಡುವೆ ಆ ಕಾರ್ಡ್ ಮ್ಯಾಸ್ಟ್ರೋ ಅವರ ಹತ್ತಿರವೇ ಇತ್ತು.

1991ರ ಮಾರ್ಚಿನಲ್ಲಿ ಕೋಪ್‌ಲ್ಯಾಂಡ್ ಅವರ ಸಂಗ್ರಹವನ್ನು ಸದಬೀಸ್ ಸಂಸ್ಥೆ ನ್ಯೂಯಾರ್ಕಿನಲ್ಲಿ ಹರಾಜು ಹಾಕಿತು. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವರ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ ಜೊತೆಗೂಡಿ ಕೊಂಡರು. ಕಮಿಷನ್ ಸೇರಿ 4 ಲಕ್ಷ 51 ಸಾವಿರ ಡಾಲರ್. ಅಲ್ಲಿಂದ ಅದಕ್ಕೆ ‘ಗ್ರೆಟ್ಸ್‌ಕಿ ವ್ಯಾಗ್ನರ್’ ಎಂದೇ ಹೆಸರು. ಒಂದು ರಟ್ಟಿನ ತುಂಡಿಗೆ ಇಷ್ಟು ಹಣವೇ ಎಂದು ಕಾರ್ಡ್ ಗೊತ್ತಿಲ್ಲದವರೂ ಅವತ್ತು ಮಾತಾಡಿಕೊಂಡರು.

ಅದೇ 1991ರಲ್ಲಿ ಪಿಎಸ್‌ಎ ಎಂಬ ಗ್ರೇಡಿಂಗ್ ಕಂಪನಿ ಶುರುವಾಯಿತು. ಅಲ್ಲಿಯವರೆಗೆ ಕಾರ್ಡು ಹೇಗಿದೆ ಅನ್ನುವುದು ಮಾರುವವನ ಬಾಯಿಮಾತು, ಕೊಳ್ಳುವವನ ಕಣ್ಣು. ಪಿಎಸ್‌ಎ ಕಾರ್ಡನ್ನು ನೋಡಿ 1ರಿಂದ 10ರವರೆಗೆ ಅಂಕ ಕೊಟ್ಟು, ತೆರೆಯಲಾಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಮೇಲೆ ಸಂಖ್ಯೆ ಹಾಕಿ ಕೊಡುತ್ತದೆ. ಹೊಸ ಕಂಪನಿಯನ್ನು ಮೊದಮೊದಲು ಯಾರೂ ಅಷ್ಟಾಗಿ ನಂಬಿರಲಿಲ್ಲ. ಅದು ಅಂಕ ಕೊಟ್ಟ ಮೊಟ್ಟಮೊದಲ ಕಾರ್ಡ್ ಇದೇ. ಕ್ರಮಸಂಖ್ಯೆ 00000001, ಅಂಕ 8. ಟಿ206 ವ್ಯಾಗ್ನರ್‌ಗಳಲ್ಲಿ ಇನ್ನಾವುದೂ ಆ ಅಂಕದ ಹತ್ತಿರಕ್ಕೂ ಬಂದಿಲ್ಲ. ಕಾರ್ಡಿನಿಂದ ಕಂಪನಿಗೆ ಹೆಸರು ಬಂತು, ಕಂಪನಿಯ ಅಂಕದಿಂದ ಕಾರ್ಡಿಗೆ ಬೆಲೆ ಬಂತು. ಇಬ್ಬರಿಗೂ ಇನ್ನೊಬ್ಬರು ಬೇಕಿದ್ದರು. ಈ ಪ್ರಕರಣದ ಗಂಟು ಬಿದ್ದಿದ್ದು ಇಲ್ಲೇ ಅನ್ನುವುದು ನನ್ನ ತಿಳಿವಳಿಕೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1995ರಲ್ಲಿ ವಾಲ್‌ಮಾರ್ಟ್ ಮತ್ತು ಟ್ರೀಟ್ ಎಂಟರ್‌ಟೈನ್‌ಮೆಂಟ್ ಕಂಪನಿಗಳು 5 ಲಕ್ಷ ಡಾಲರಿಗೆ ಕೊಂಡು, ಲಾಟರಿ ತರಹದ ಪ್ರಚಾರದಲ್ಲಿ ಬಹುಮಾನವಾಗಿ ಇಟ್ಟವು. 1996ರಲ್ಲಿ ಅದು ಫ್ಲೋರಿಡಾದ ಅಂಚೆ ಇಲಾಖೆಯ ಮಹಿಳೆಯೊಬ್ಬರಿಗೆ ಬಂತು. ಬಹುಮಾನಕ್ಕೆ ಕಟ್ಟಬೇಕಾದ ತೆರಿಗೆಗೆ ಅವರಲ್ಲಿ ಹಣವಿರಲಿಲ್ಲ. ಅದೇ ವರ್ಷ ಕ್ರಿಸ್ಟೀಸ್ ಹರಾಜಿನಲ್ಲಿ 6 ಲಕ್ಷ 41 ಸಾವಿರದ 500 ಡಾಲರಿಗೆ ಹೋಯಿತು. 2000ದಲ್ಲಿ ಈಬೇ ಮೂಲಕ 12 ಲಕ್ಷ 65 ಸಾವಿರ. 2007ರ ಫೆಬ್ರವರಿಯಲ್ಲಿ 23 ಲಕ್ಷ 50 ಸಾವಿರ. ಅದೇ ಸೆಪ್ಟೆಂಬರಿನಲ್ಲಿ 28 ಲಕ್ಷ ಡಾಲರ್ ಕೊಟ್ಟು ಕೊಂಡವರು ಅರಿಝೋನಾ ಡೈಮಂಡ್‌ಬ್ಯಾಕ್ಸ್ ತಂಡದ ಮಾಲೀಕರಲ್ಲೊಬ್ಬರಾದ ಕೆನ್ ಕೆಂಡ್ರಿಕ್. ಮಾರಿದ ಪ್ರತಿಯೊಬ್ಬರಿಗೂ ಲಾಭ. ಆದ್ದರಿಂದ ಕಾರ್ಡನ್ನು ಅನುಮಾನದಿಂದ ನೋಡುವ ಅಗತ್ಯ ಮಾಲೀಕರಲ್ಲಿ ಯಾರಿಗೂ ಬೀಳಲಿಲ್ಲ.

ಕತ್ತರಿಸಿದರೆ ಏನಾಗುತ್ತದೆ

ಕಾರ್ಡ್ ಕೂಡಿಡದವರಿಗೆ ಇದು ಇಷ್ಟು ದೊಡ್ಡ ಅಪರಾಧವೇ ಅನಿಸಬಹುದು. ಚಿತ್ರ ಹಾಗೇ ಇದೆ, ಅಚ್ಚು ಅಸಲಿ, ಕಾಗದ ಅಸಲಿ. ಒಂದು ಎಳೆಯಷ್ಟು ಅಂಚು ಹೋದರೆ ಹೋಗಿದ್ದೇನು?

ಹೋಗಿದ್ದು ಎಪ್ಪತ್ತೈದು ವರ್ಷ. ಈ ಕಾರ್ಡುಗಳು ದೊಡ್ಡ ಹಾಳೆಯಲ್ಲಿ ಅಚ್ಚಾಗಿ, ಕಾರ್ಖಾನೆಯ ಕತ್ತರಿ ಯಂತ್ರದಲ್ಲಿ ತುಂಡಾದವು. ಯಂತ್ರದ ಅಲಗು ಹಾಳೆಗಳ ಕಟ್ಟನ್ನು ಒತ್ತಿ ಕತ್ತರಿಸುವಾಗ ಅಂಚಿನ ನಾರು ಒಂದು ರೀತಿ ಒತ್ತಿಕೊಳ್ಳುತ್ತದೆ. ಆಮೇಲೆ ಆ ಅಂಚು ಜೇಬಿನಲ್ಲಿ, ಸಿಗಾರ್ ಡಬ್ಬಿಯಲ್ಲಿ, ಮಕ್ಕಳ ಕೈಯಲ್ಲಿ ಓಡಾಡುತ್ತದೆ. ಬೆವರು, ಧೂಳು, ತಂಬಾಕಿನ ಎಣ್ಣೆ ಹೀರಿಕೊಂಡು ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಮೂಲೆಗಳು ಬಿಚ್ಚಿಕೊಂಡು ಹತ್ತಿಯಂತೆ ಮೆತ್ತಗಾಗುತ್ತವೆ. ಇದನ್ನು ಯಾರೂ ನಕಲು ಮಾಡಲಾರರು. ಮಾಡಿದರೂ ಪಳಗಿದ ಕಣ್ಣಿಗೆ ತಿಳಿಯುತ್ತದೆ. ಹೊಸದಾಗಿ ಕತ್ತರಿಸಿದ ಅಂಚು ಭೂತಗನ್ನಡಿಯಲ್ಲಿ ಬೇರೆಯೇ ಕಾಣುತ್ತದೆ: ಒಳಗಿನ ಬಿಳಿ ನಾರು ಹೊಳೆಯುತ್ತದೆ, ಕಂದು ಇರುವುದಿಲ್ಲ. ಕೈಯಲ್ಲಿ ಹಿಡಿದ ಅಲಗು ಸ್ವಲ್ಪ ವಾಲಿದ್ದರೆ ಅಂಚು ಇಳಿಜಾರಾಗುತ್ತದೆ. ದೀಪವನ್ನು ಓರೆಯಾಗಿ ಹಿಡಿದರೆ ಅಲೆಯಂತೆ ಸಣ್ಣ ಏರಿಳಿತ ಕಾಣುತ್ತದೆ. ಎಲ್ಲಕ್ಕಿಂತ ದೊಡ್ಡ ಗುರುತು ಒಂದಕ್ಕೊಂದು ಹೊಂದದಿರುವುದು. ಮುಖದಲ್ಲಿ ವಯಸ್ಸು ಕಾಣುತ್ತಿದೆ, ಮೂಲೆಗಳು ಮಾತ್ರ ನಿನ್ನೆ ಅಚ್ಚಾದ ಹಾಗಿವೆ ಅಂದರೆ ಕಾರ್ಡನ್ನು ಕೆಳಗಿಟ್ಟು ಎರಡನೇ ಸಲ ಯೋಚಿಸಬೇಕು.

ಅಳತೆಪಟ್ಟಿ ಇಟ್ಟು ನೋಡಿದರೆ ಸಾಕಲ್ಲ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಸಾಲದು. ಟಿ206 ಕಾರ್ಡುಗಳು ಕಾರ್ಖಾನೆಯಿಂದ ಬರುವಾಗಲೇ ಒಂದೇ ಅಳತೆಯಲ್ಲಿರಲಿಲ್ಲ; ಕೆಲವು ಕಿರಿದು, ಕೆಲವು ಸ್ವಲ್ಪ ಅಗಲ. ಅಗಲವಾಗಿ ಹುಟ್ಟಿದ ಕಾರ್ಡಿಗೇ ಹೆಚ್ಚು ಅಪಾಯ. ಅದರ ಸವೆದ ಅಂಚನ್ನು ಒಂದು ಎಳೆ ತೆಗೆದರೂ ಉಳಿದದ್ದು ಸರಿಯಾದ ಅಳತೆಗೇ ಬಂದು ನಿಲ್ಲುತ್ತದೆ. ಪಟ್ಟಿ ಹಿಡಿದವನಿಗೆ ತಪ್ಪೇ ಸಿಗುವುದಿಲ್ಲ.

ಇನ್ನೊಂದು ತೊಡಕು ಆ ಪ್ಲಾಸ್ಟಿಕ್ ಡಬ್ಬಿಯದೇ. ಸಾಕ್ಷಿ ಇರುವುದು ಅಂಚಿನಲ್ಲಿ; ಡಬ್ಬಿ ಹಿಡಿದುಕೊಂಡಿರುವುದೂ ಅಂಚನ್ನೇ. ಮುಖ ಕಾಣುತ್ತದೆ, ಬೆನ್ನು ಕಾಣುತ್ತದೆ, ಬೆರಳಿಗೆ ತಾಗಬೇಕಾದ ಜಾಗ ತಾಗುವುದಿಲ್ಲ. ಡಬ್ಬಿ ಒಡೆದರೆ ಅಂಕ ಹೋಗುತ್ತದೆ, ಅಂಕ ಹೋದರೆ ಲಕ್ಷಗಟ್ಟಲೆ ಡಾಲರ್ ಹೋಗುತ್ತದೆ. ಯಾರು ಒಡೆದು ನೋಡುತ್ತಾರೆ?

ಕತ್ತರಿಸಬೇಕು ಅನ್ನುವ ಆಸೆ ಎಲ್ಲಿಂದ ಬಂತು ಅನ್ನುವುದನ್ನೂ ನೋಡಬೇಕು. ಅಂಚೆಚೀಟಿಯವರಿಗೆ ಇದು ಗೊತ್ತಿರುವ ಕಥೆ. ಹಿಂದಿನ ಅಂಟು ಕೆಡದ ಚೀಟಿಗೆ ಹೆಚ್ಚು ಬೆಲೆ ಎಂದು ಮಾರುಕಟ್ಟೆ ಹೇಳಿದ ಕೂಡಲೇ ಹಳೆಯ ಚೀಟಿಗೆ ಹೊಸ ಅಂಟು ಬಳಿಯುವವರು ಹುಟ್ಟಿಕೊಂಡರು. ಕಾರ್ಡಿನಲ್ಲೂ ಹಾಗೇ. ಒಂದು ಅಂಕ ಏರಿದರೆ ಬೆಲೆ ಎಷ್ಟೋ ಪಟ್ಟು ಏರುವಾಗ, ಮೂಲೆಯ ಅರ್ಧ ಮಿಲಿಮೀಟರಿಗೆ ಒಂದು ಮನೆಯ ಬೆಲೆ ಬಂದುಬಿಡುತ್ತದೆ. ಮ್ಯಾಸ್ಟ್ರೋ ಕತ್ತರಿ ಹಿಡಿದಾಗ ಪಿಎಸ್‌ಎ ಇನ್ನೂ ಹುಟ್ಟಿರಲಿಲ್ಲ, ಅದು ನಿಜ. ಆದರೆ ಚೂಪು ಮೂಲೆಯ ಆಸೆ ಆಗಲೇ ಇತ್ತು. ಅಂಕ ಆ ಆಸೆಗೆ ಮುದ್ರೆ ಒತ್ತಿತು.

ಯಾರಿಗೆ ಯಾವಾಗ ಗೊತ್ತಿತ್ತು

ಕತ್ತರಿಸಿದವರಿಗೆ ಮೊದಲ ದಿನದಿಂದ ಗೊತ್ತಿತ್ತು. ಕಾರ್ಡು ಬಲ್ಲವರ ನಡುವೆ ಗುಸುಗುಸು ಬಹಳ ವರ್ಷಗಳಿಂದ ಇತ್ತು. ಸುಮಾರು ಎಂಬತ್ತು ವರ್ಷ ಹೊರಗಿದ್ದ ತಂಬಾಕು ಕಾರ್ಡಿಗೆ ಅಂಥ ಮೂಲೆ ಹೇಗೆ ಬಂತು ಎಂಬ ಪ್ರಶ್ನೆ ಸಹಜವಾಗೇ ಏಳುತ್ತದೆ. ನ್ಯೂಯಾರ್ಕಿನ ಪತ್ರಕರ್ತರು 2000ದ ದಶಕದಲ್ಲಿ ಇದರ ಬೆನ್ನು ಹತ್ತಿದರು. ಪಿಎಸ್‌ಎಯಲ್ಲಿ ಮೊದಲು ಅಂಕ ಕೊಟ್ಟವರಲ್ಲೊಬ್ಬರು, ಕಾರ್ಡ್ ಕತ್ತರಿಸಿದ್ದೆಂದು ತಮಗೆ ಅವತ್ತೇ ಗೊತ್ತಿತ್ತು ಎಂದು ಹೇಳಿದ್ದು ವರದಿಯಾಯಿತು. ಕತ್ತರಿಸಿದ ಕಾರ್ಡಿಗೆ ಅಂಕ ಕೊಡುವುದಿಲ್ಲ ಅನ್ನುವುದು ಅದೇ ಕಂಪನಿಯ ನಿಯಮ. ಬೇರೆ ಯಾರದೋ ಸಾಮಾನ್ಯ ಕಾರ್ಡು ಹೀಗೆ ಬಂದಿದ್ದರೆ ಅಂಕವಿಲ್ಲದೆ ವಾಪಸು ಹೋಗುತ್ತಿತ್ತು. ನನ್ನದೊಂದು ಕಾರ್ಡೇ ಹಾಗೆ ವಾಪಸು ಬಂದಿದೆ, ‘ಕತ್ತರಿಸಿದ ಗುರುತು’ ಎಂಬ ಷರಾದೊಂದಿಗೆ. ನನಗೆ ಬೇಸರವಾಯಿತು, ಆದರೆ ಅದು ಸರಿಯಾದ ತೀರ್ಪು. ಅದೇ ತೀರ್ಪು ಹಿರಿಯ ಕಾರ್ಡಿಗೆ ಬರಲಿಲ್ಲವಲ್ಲ ಅನ್ನುವುದೇ ನನ್ನನ್ನು ಈವರೆಗೂ ಕಾಡುವ ಸಂಗತಿ.

ಇದರ ನಡುವೆ ಮ್ಯಾಸ್ಟ್ರೋ ಅವರ ಹರಾಜು ಕಂಪನಿ ಶಿಕಾಗೋ ಸಮೀಪದಲ್ಲಿ ಬೆಳೆದು ದೊಡ್ಡದಾಗಿತ್ತು. ಎಫ್‌ಬಿಐ ತನಿಖೆ ನಡೆಯಿತು, 2009ರಲ್ಲಿ ಕಂಪನಿ ಮುಚ್ಚಿತು. 2012ರ ಜುಲೈನಲ್ಲಿ ಆರೋಪಪಟ್ಟಿ ಬಂತು. ಅದರ ಮುಖ್ಯ ಆರೋಪ ಸುಳ್ಳು ಸವಾಲು: ಹರಾಜಿನಲ್ಲಿ ನಿಜವಾದ ಗಿರಾಕಿ ಒಂದು ಬೆಲೆ ಕೂಗಿದರೆ, ಕೊಳ್ಳುವ ಉದ್ದೇಶವೇ ಇಲ್ಲದವರು ಕಂಪನಿಯ ಪರವಾಗಿ ಅದಕ್ಕಿಂತ ಮೇಲೆ ಕೂಗುತ್ತಾರೆ, ಗಿರಾಕಿ ಇನ್ನೂ ಮೇಲೆ ಹೋಗುತ್ತಾನೆ. ನಮ್ಮ ಸಂತೆಗಳಲ್ಲೂ ದನದ ವ್ಯಾಪಾರ ಕಂಡವರಿಗೆ ಈ ಆಟ ಹೊಸದಲ್ಲ. ಆರೋಪಪಟ್ಟಿಯಲ್ಲಿ ವ್ಯಾಗ್ನರ್ ಕಾರ್ಡಿನ ಕತ್ತರಿಯ ವಿಷಯವೂ ಸೇರಿತ್ತು. 1869ರ ಸಿನ್ಸಿನಾಟಿ ತಂಡದ ಟ್ರೋಫಿ ಚೆಂಡು ಎಂದು ಮಾರಿದ ಒಂದು ಚೆಂಡಿನ ವಿಷಯವೂ ಇತ್ತು. ಅದರ ಮೇಲಿನ ಬಣ್ಣ ಎರಡನೇ ಮಹಾಯುದ್ಧದ ನಂತರದ್ದೆಂದು ಪರೀಕ್ಷೆ ತೋರಿಸಿತ್ತು ಎಂಬುದು ಆರೋಪ.

2013ರಲ್ಲಿ ಮ್ಯಾಸ್ಟ್ರೋ ಅಂಚೆಯ ಮೂಲಕ ವಂಚಿಸಿದ ಆರೋಪವನ್ನು ಒಪ್ಪಿಕೊಂಡರು. 2015ರಲ್ಲಿ 20 ತಿಂಗಳ ಸೆರೆವಾಸದ ಶಿಕ್ಷೆಯಾಯಿತು.

ಇಷ್ಟರ ನಂತರ ಆ ಕಾರ್ಡಿಗೆ ಏನಾಯಿತು? ಕೆಂಡ್ರಿಕ್ ಅದನ್ನು ಮಾರಿ ಕೈತೊಳೆದುಕೊಳ್ಳಲಿಲ್ಲ, ಡಬ್ಬಿ ಒಡೆದು ಅಂಕ ತೆಗೆಸಲೂ ಇಲ್ಲ. ಅವರು ಅದನ್ನು ಕೊಂಡಾಗ ಗುಸುಗುಸು ಊರಿಗೆಲ್ಲ ಗೊತ್ತಿತ್ತು. ಕತ್ತರಿಯ ಕಥೆ ಸೇರಿದ ಮೇಲೆ ಅದು ಇನ್ನಷ್ಟು ಹೆಸರಾಯಿತೇ ಹೊರತು ಮರೆಗೆ ಸರಿಯಲಿಲ್ಲ. ಇದನ್ನು ಸರಿಯೆನ್ನಲು ನನಗೆ ಮನಸ್ಸು ಬರುವುದಿಲ್ಲ. ಕಾರ್ಡು ಪ್ರಸಿದ್ಧವಾಗಿ ಉಳಿಯಲಿ, ಆದರೆ ‘8’ ಎಂಬ ಅಂಕ ಅದರ ಮೇಲೆ ಇರಬಾರದು. ‘ಅಸಲಿ, ಆದರೆ ಕತ್ತರಿಸಿದ್ದು’ ಎಂದು ಬರೆಯುವ ರೂಢಿ ಈ ವ್ಯಾಪಾರದಲ್ಲಿ ಇದ್ದೇ ಇದೆ. ಅಷ್ಟೇ ಬರೆದರೆ ಸಾಕಿತ್ತು.

ಸವೆದವುಗಳ ಬೆಲೆ

ಇದೇ ಕಾಲದಲ್ಲಿ ಇನ್ನೊಂದು ವ್ಯಾಗ್ನರ್ ಮಾರುಕಟ್ಟೆಗೆ ಬಂತು. ಅದಕ್ಕೆ ‘ಜಂಬೋ ವ್ಯಾಗ್ನರ್’ ಎಂದು ಕರೆಯುತ್ತಾರೆ. ಕಾರ್ಖಾನೆಯಲ್ಲಿ ಅಗಲವಾಗಿ ಕತ್ತರಿಸಲ್ಪಟ್ಟು, ಬಿಳಿ ಅಂಚು ಮಾಮೂಲಿಗಿಂತ ದೊಡ್ಡದಾಗಿ ಉಳಿದ ಕಾರ್ಡು. ಕಾರ್ಖಾನೆಯಲ್ಲೇ ತಪ್ಪಾಗಿ ಕತ್ತರಿಸಿದ್ದೆಂಬ ಷರಾದೊಂದಿಗೆ ಪಿಎಸ್‌ಎ ಅದಕ್ಕೆ 5 ಕೊಟ್ಟಿದೆ. ಒಬ್ಬ ದುರಾಸೆಯ ಮನುಷ್ಯನ ಕೈಗೆ ಸಿಕ್ಕಿದ್ದರೆ ಅದರ ಗತಿ ಏನಾಗುತ್ತಿತ್ತು ಎಂದು ಊಹಿಸಬಹುದು: ಆ ದೊಡ್ಡ ಅಂಚು ಕತ್ತರಿಗೆ ಹೇಳಿ ಮಾಡಿಸಿದಂತಿದೆ. ಹಾಗಾಗಲಿಲ್ಲ. 2013ರಲ್ಲಿ 21 ಲಕ್ಷ ಡಾಲರಿಗೆ, 2016ರ ಅಕ್ಟೋಬರಿನಲ್ಲಿ 31 ಲಕ್ಷ 20 ಸಾವಿರ ಡಾಲರಿಗೆ ಅದು ಮಾರಾಟವಾಯಿತು. ಅಂಕದಲ್ಲಿ ಮೂರು ಕಡಿಮೆ ಇದ್ದ ಕಾರ್ಡು ಬೆಲೆಯಲ್ಲಿ ಗ್ರೆಟ್ಸ್‌ಕಿ ವ್ಯಾಗ್ನರನ್ನು ದಾಟಿತು. ನನಗೆ ಈ ಪ್ರಕರಣದಲ್ಲಿ ತುಂಬ ಸಂತೋಷ ಕೊಟ್ಟ ಸುದ್ದಿ ಇದು.

ಆಮೇಲಿನ ಏರಿಕೆ ಇನ್ನೂ ದೊಡ್ಡದು. 2021ರ ಆಗಸ್ಟಿನಲ್ಲಿ ಬರೀ 3 ಅಂಕದ ವ್ಯಾಗ್ನರ್ 66 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಮರುವರ್ಷ 2 ಅಂಕದ್ದು 72 ಲಕ್ಷ 50 ಸಾವಿರ ಡಾಲರಿಗೆ ಖಾಸಗಿಯಾಗಿ ಕೈ ಬದಲಾಯಿಸಿತು. ಹರಿದು ಅರ್ಧದಷ್ಟೇ ಉಳಿದ ಒಂದು ವ್ಯಾಗ್ನರ್ ಕೂಡ 2021ರಲ್ಲಿ 4 ಲಕ್ಷ 75 ಸಾವಿರ ಡಾಲರ್ ತಂದಿತು. ಆ ಹೊತ್ತಿಗೆ ಕಾರ್ಡಿನ ಮಾರುಕಟ್ಟೆಯೇ ಉಬ್ಬಿತ್ತು, ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಪ್ರಾಮಾಣಿಕ ಸವೆತಕ್ಕೆ ಕೊಡುವುದು ತಪ್ಪು. ಚೂಪು ಮೂಲೆಯ ಮೋಹ ಎಲ್ಲೂ ಹೋಗಿಲ್ಲ: 2022ರ ಆಗಸ್ಟಿನಲ್ಲಿ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಅವರ 1952ರ ಟಾಪ್ಸ್ ಕಂಪನಿಯ ಕಾರ್ಡ್ 1 ಕೋಟಿ 26 ಲಕ್ಷ ಡಾಲರಿಗೆ ಹೋಗಿದ್ದು 9.5 ಅಂಕದ ಬಲದ ಮೇಲೇ. ಆದರೆ ವ್ಯಾಗ್ನರ್ ವಿಷಯದಲ್ಲಿ ಮಾತ್ರ ಕೊಳ್ಳುವವರು ಮಡಿಚಿದ್ದು, ಸವೆದದ್ದು, ಕಲೆಯಾದದ್ದು ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದಾರೆ. ಮಡಿಕೆ ಗೆರೆ ಕಣ್ಣಿಗೆ ಕಾಣುತ್ತದೆ, ಅದರಲ್ಲಿ ಮೋಸವಿಲ್ಲ.

ಹಳೆಯ ಕಾರ್ಡು ಕೊಳ್ಳುವ ಕನ್ನಡಿಗರು ಈಗ ಅಮೆರಿಕದಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಚಿಕ್ಕಂದಿನಲ್ಲಿ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಕಾರ್ಡುಗಳನ್ನು ಶರ್ಟಿನ ಜೇಬು ಹರಿಯುವಷ್ಟು ತುಂಬಿಕೊಂಡವರೇ ಹೆಚ್ಚು. ಅವರು ನನ್ನನ್ನು ಮೊದಲು ಕೇಳುವುದು, ಎಷ್ಟು ಅಂಕದ್ದು ತಗೋಬೇಕು ಅಂತ. ಮೊದಲು ಡಬ್ಬಿಯಿಲ್ಲದ, ಸವೆದ, ಸಾಧಾರಣ ಆಟಗಾರನ ಟಿ206 ಒಂದನ್ನು ಕೊಳ್ಳಿ ಅನ್ನುತ್ತೇನೆ. ಅಂಥದ್ದು ಒಂದು ಹೊತ್ತಿನ ಹೋಟೆಲ್ ಊಟದ ಖರ್ಚಿಗೆ ಸಿಗುತ್ತದೆ. ಅದನ್ನು ಭೂತಗನ್ನಡಿಯಡಿ ಇಟ್ಟು ನಾಲ್ಕೂ ಅಂಚು ನೋಡಿ. ಕಂದು ಎಲ್ಲಿ ಹೆಚ್ಚಿದೆ, ಎಲ್ಲಿ ಕಡಿಮೆ? ನಾಲ್ಕು ಮೂಲೆಯೂ ಒಂದೇ ರೀತಿ ಸವೆದಿವೆಯೇ? ಬೆನ್ನಿನ ಅಚ್ಚು ಅಂಚಿಗೆ ಎಷ್ಟು ದೂರ? ಒಂದು ಅಸಲಿ ಅಂಚನ್ನು ಅರ್ಧ ಗಂಟೆ ನೋಡಿದವರಿಗೆ ಕತ್ತರಿಸಿದ ಅಂಚು ಬೇಗ ಸಿಕ್ಕಿಬೀಳುತ್ತದೆ. ಆಮೇಲೆ ದೊಡ್ಡದನ್ನು ಕೊಳ್ಳುವಾಗ ಮಾರುವವರನ್ನು ಕೇಳಬೇಕಾದ ಪ್ರಶ್ನೆ, ಡಬ್ಬಿಗೆ ಹೋಗುವ ಮುಂಚಿನ ಫೋಟೋ ಇದೆಯೇ, ಯಾರ ಹತ್ತಿರ ಎಷ್ಟು ವರ್ಷ ಇತ್ತು ಅನ್ನುವುದು. ಉತ್ತರ ಇಲ್ಲದಿದ್ದರೆ ನಾನು ಎದ್ದು ಬರುತ್ತೇನೆ.

ನನ್ನ ಹತ್ತಿರ ಇರುವ ಟಿ206 ಹೀಗೆ ಕೊಂಡದ್ದೇ. ಆಟಗಾರನ ಹೆಸರು ಈಗ ಯಾರಿಗೂ ನೆನಪಿಲ್ಲ. ಬೆನ್ನಿಗೆ ಪೀಡ್ಮಾಂಟ್. ಎಡ ಅಂಚಿಗಿಂತ ಬಲ ಅಂಚು ದಪ್ಪ, ಮೇಲಿನ ಒಂದು ಮೂಲೆ ಉರುಟಾಗಿ ಹೋಗಿದೆ, ನಡುವೆ ಒಂದು ಮಡಿಕೆ. ಯಾರೋ ಹುಡುಗ ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡಿರಬೇಕು. ಮೇಜಿನ ದೀಪವನ್ನು ಓರೆ ಮಾಡಿ ಹಿಡಿದರೆ ನಾಲ್ಕೂ ಅಂಚಿನಲ್ಲಿ ಒಂದೇ ಕಂದು ಕಾಣುತ್ತದೆ.